ಮೂರು ಗಂಟೆಯ ನಂತರದ ಗೆರೆ

"ಕೈ ತೆಗಿ, ಯೆರ್ಕರ್!"

ಯಂತ್ರ ನಿಲ್ಲಿಸಲು ಬಂದ ಅವನ ಬೆರಳನ್ನು ಪಕ್ಕಕ್ಕೆ ತಳ್ಳಿದೆ.

"ಮೂರಾಯ್ತು, ಗುನ್ವೋರ್. ಫೀಕಾಗೆ ತಡ ಆದ್ರೆ ಕಾಫಿ ಜೊತೆಗಿನ ಏಲಕ್ಕಿ ಬನ್ ಒಂದೂ ಉಳಿಯಲ್ಲ."

"ಹೋಗಿ ತಿನ್ನು. ಯಂತ್ರಕ್ಕೇನು ಹಸಿವಾ? ಅದು ಓಡ್ತಿರಲಿ."

ಗೋಥೆನ್‌ಬರ್ಗ್‌ನ ಈ ಪ್ರಯೋಗಾಲಯಕ್ಕೆ ಯೆರ್ಕರ್ ಮುಖ್ಯಸ್ಥ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನಮ್ಮ ಯಂತ್ರದಲ್ಲಿ ದ್ರವದೊಳಗೆ ಒಂದು ಹರಳು ಕಂಪಿಸುತ್ತಿರುತ್ತದೆ. ಅದರ ಮೈಮೇಲೆ ಏನಾದರೂ ಕೂತರೆ ಕಂಪನ ನಿಧಾನವಾಗಿ, ಪರದೆಯ ಗೆರೆ ಇಳಿಯುತ್ತದೆ. ಕಣ್ಣಿಗೆ ಕಾಣದ್ದನ್ನೂ ಅದು ತೂಗಬಲ್ಲದು. ಮೂವತ್ತೊಂದು ವರ್ಷದಿಂದ ಆ ಹರಳುಗಳನ್ನು ಕೂರಿಸುತ್ತಿರುವುದು ನನ್ನ ಕೈ. ಈ ಕೋಣೆಯಿಂದ ಹೊರಟ ಒಂದೇ ಒಂದು ಅಂಕಿಯೂ ಸುಳ್ಳೆನಿಸಿಕೊಂಡು ತಿರುಗಿ ಬಂದಿಲ್ಲ.

ಯೆರ್ಕರ್‌ನ ಹೊಸ ಪ್ರೋಟೀನ್ ಆ ಹರಳಿಗೆ ಅಂಟುತ್ತಿದೆಯೆಂದು ಆರು ವಾರದಿಂದ ಗೆರೆ ಹೇಳುತ್ತಿತ್ತು. ಪ್ರಬಂಧವೂ ಸಿದ್ಧವಾಗಿತ್ತು. ನನಗೊಬ್ಬಳಿಗೆ ಅನುಮಾನ. ದಿನಾ ಎರಡೂವರೆಗೆ ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ಹಾಗೆಯೇ ಹರಳಿನ ಮೇಲೆ ಜೋರಾಗಿ ಹರಿಸುತ್ತಿದ್ದರು. ಮೂರು ಹೊಡೆದರೆ ಅಳತೆ ನಿಲ್ಲಿಸಿ ಎಲ್ಲರೂ ಕಾಫಿಗೆ ಏಳುತ್ತಿದ್ದರು. ಫೀಕಾ, ಅಂದರೆ ಈ ಕಾಫಿ ಬಿಡುವು, ತಪ್ಪಿಸಬೇಕೆಂದರೆ ಇಲ್ಲಿ ಜ್ವರ ಬಂದಿರಬೇಕು.

ಇಂದು ನಾನು ತಪ್ಪಿಸಿದೆ. ಮೂರೂ ಇಪ್ಪತ್ತೈದಕ್ಕೆ ಯೆರ್ಕರ್ ಮರಳಿದಾಗ, ಇಳಿದಿದ್ದ ಗೆರೆ ಮೆಲ್ಲಗೆ ಹತ್ತಿ ಮೊದಲಿನ ಜಾಗಕ್ಕೇ ಬಂದು ನಿಂತಿತ್ತು.

"ಅಂಟಿದ್ದೆಲ್ಲ ಬಿಟ್ಹೋಯ್ತಾ?"

"ಅಂಟಿದ್ರೆ ತಾನೆ! ಇವತ್ತು ನಾನು ಪ್ರೋಟೀನೇ ಹಾಕಿಲ್ಲ, ಬರೀ ಉಪ್ಪುನೀರು. ತಣ್ಣಗಿದ್ದಾಗ ನೀರು ಮಂದ, ಹರಳನ್ನ ಹಿಡಿದು ಎಳೆಯುತ್ತೆ. ಬಾಟ್ಲಿ ಬೆಚ್ಚಗಾದ್ಮೇಲೆ ಬಿಡುತ್ತೆ. ಆರು ವಾರ ನೀವು ತೂಗಿದ್ದು ಫ್ರಿಜ್‌ನ ಚಳೀನ."

ಅವನು ಕುರ್ಚಿಗೆ ಕುಸಿದ. "ಸ್ವಲ್ಪನಾದ್ರೂ ಅಂಟಿರಬಹುದಲ್ವಾ?"

"ಇರಬಹುದು. ದ್ರಾವಣ ಬೆಚ್ಚಗೆ ಮಾಡಿ, ಮೊದಲಿಂದ ಅಳತೆ ಮಾಡು. ಎರಡು ತಿಂಗಳ ಕೆಲಸ. ಹರಳು ನಾನು ಕೂರಿಸ್ಕೊಡ್ತೀನಿ."

"ಸೋಮವಾರ ಪ್ರಬಂಧ ಕಳಿಸ್ಬೇಕು, ಗುನ್ವೋರ್." ಎದ್ದು ಬಾಗಿಲು ಮುಚ್ಚಿ ಬಂದ. ದನಿ ತಗ್ಗಿಸಿದ. "ನೋಡು, ಇಷ್ಟು ವರ್ಷದಲ್ಲಿ ಒಂದು ಪ್ರಬಂಧದ ಮೇಲೂ ನಿನ್ನ ಹೆಸರಿಲ್ಲ. ಅನ್ಯಾಯ ಅದು. ಇದ್ರಲ್ಲಿ ಮೊದಲ ಹೆಸರು ನಿಂದೇ. ನನ್ನದಕ್ಕಿಂತ ಮುಂಚೆ. ಇವತ್ತಿನ ಗೆರೆ ಮಾತ್ರ ನಮ್ಮಿಬ್ರಲ್ಲೇ ಇರ್ಲಿ."

ನಾನು ಆ ಗೆರೆಯನ್ನು ಅಚ್ಚು ಹಾಕಿಸಿ, ಎಲ್ಲರೂ ತೆರೆದು ನೋಡುವ ಅಳತೆಯ ಪುಸ್ತಕಕ್ಕೆ ಅಂಟಿಸಿ, ತಾರೀಖು ಬರೆದು, ಕೆಳಗೆ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ.

"ಬೇಡ," ಎಂದೆ.