ಕ್ಯಾಪ್ಟನಮ್ಮನ ಹದಿನೆಂಟು ನಿಮಿಷ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕ್ಯಾಪ್ಟನಮ್ಮ ಎಂದೇ. ವಾರದ ಐದು ದಿನ ಅಲ್ಲಿ ನೆಟ್‌ವರ್ಕ್ ಎಂಜಿನಿಯರ್ ಕೆಲಸ, ಶನಿವಾರ ಬಂತೆಂದರೆ ಮೀಸಲು ಪಡೆಯ ಸಮವಸ್ತ್ರ. ಹನ್ನೆರಡು ವರ್ಷ ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡು ಬಂದವಳು. ಅವಳ ಕೈಕೆಳಗೆ ಕೇಬಲ್ ಸುತ್ತುವುದನ್ನು ಕಲಿತವರೆಲ್ಲ ಮೇಜರ್ ಆಗಿ ಮುಂದೆ ಹೋದರು, ಇವಳು ಮಾತ್ರ ಕ್ಯಾಪ್ಟನಾಗಿಯೇ ಉಳಿದಳು. ಬಡ್ತಿ ಪರೀಕ್ಷೆಯಲ್ಲಿ ಎರಡು ಸಲ ಅಂಕ ಸಾಲಲಿಲ್ಲ. ಇದು ಮೂರನೆಯದು, ಕೊನೆಯದು. ಈ ಸಲವೂ ತಪ್ಪಿದರೆ ಮೀಸಲು ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರೆ.

"ಮೇಜರ್ ಆದ್ರೆ ಪಾತ್ರೆ ತೊಳೆಯೋಕೆ ಒಬ್ಬ ಸಿಪಾಯಿನ ಕೊಡ್ತಾರೇನೇ?" ಎಂದು ಅತ್ತೆ ಛೇಡಿಸಿದ್ದರು. ಹಾಗೆ ಛೇಡಿಸಿದವರೇ ಬೆಳಿಗ್ಗೆ ಐದಕ್ಕೆದ್ದು ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಟ್ಟಿದ್ದರು.

ಒಂಬತ್ತಕ್ಕೆ ಸರಿಯಾಗಿ ಪರೀಕ್ಷೆ ಶುರುವಾಯಿತು. ಸೇನಾ ಶಾಲೆಯ ಉದ್ದನೆಯ ಕೋಣೆ, ಹದಿನಾಲ್ಕು ಮೇಜು, ಗೋಡೆಗೊಂದು ದೊಡ್ಡ ಗಡಿಯಾರ. ಮೊಬೈಲುಗಳನ್ನೆಲ್ಲ ಬಾಗಿಲಲ್ಲಿ ಕೂತ ಸಾರ್ಜೆಂಟ್ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದ. ಹನ್ನೆರಡು ಗಂಟೆಯೊಳಗೆ ಹೊಸ್ತಿಲು ದಾಟಿದವರಿಗೆ ಮತ್ತೆ ಒಳಗೆ ಜಾಗವಿಲ್ಲ ಎಂದು ಪರೀಕ್ಷೆ ನಡೆಸುವ ಕರ್ನಲ್ ಮೊದಲೇ ಹೇಳಿದ್ದರು.

ಮೊದಲ ಪ್ರಶ್ನೆ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಎರಡನೆಯದು ಅವಳ ದಿನನಿತ್ಯದ ಕೆಲಸದ್ದೇ: ದೂರದಲ್ಲಿರುವ ಸ್ವಿಚ್‌ನ ಸೆಟ್ಟಿಂಗ್ ಬದಲಿಸುವ ಮುನ್ನ ಯಾವ ಎಚ್ಚರಿಕೆ ವಹಿಸುತ್ತೀರಿ? ಸ್ವಿಚ್ ಎಂದರೆ ಕಂಪ್ಯೂಟರು, ಪರದೆಗಳನ್ನೆಲ್ಲ ಒಂದಕ್ಕೊಂದು ಬೆಸೆಯುವ ಪೆಟ್ಟಿಗೆ. ಆ ಎಚ್ಚರಿಕೆಗೆ ಅವರ ಕಸುಬಿನಲ್ಲಿ ಗಡುವು ಹಾಕುವುದು ಎನ್ನುತ್ತಾರೆ. ಬದಲಾವಣೆಯಲ್ಲಿ ಎಡವಟ್ಟಾಗಿ ಸಂಪರ್ಕವೇ ಕಡಿದುಹೋದರೆ, ಗಡುವು ಮುಗಿದೊಡನೆ ಸ್ವಿಚ್ ತಾನಾಗಿಯೇ ಆರಿ ಹೊತ್ತಿ ಹಳೆಯ ಸ್ಥಿತಿಗೆ ಮರಳುತ್ತದೆ. ಕೆಲಸ ನೆಟ್ಟಗೆ ಮುಗಿದರೆ ಗಡುವನ್ನು ಮರೆಯದೆ ತೆಗೆಯಬೇಕು. ಅವಳು ಹದಿನೈದು ನಿಮಿಷದ ಗಡುವಿನ ಆದೇಶ ಬರೆದಳು: 15:00.

ಬರೆದು ನೋಡಿದಳು. ಪೆನ್ನು ಅಲ್ಲೇ ನಿಂತಿತು.

ಅದು ಹದಿನೈದು ನಿಮಿಷವಲ್ಲ. ಆ ಯಂತ್ರಕ್ಕೆ ಅದು ಹದಿನೈದು ಗಂಟೆ. ಬರೀ ಹದಿನೈದು ಎಂದಿದ್ದರೆ ನಿಮಿಷ. ಮುಂದೆ ಎರಡು ಚುಕ್ಕಿ, ಎರಡು ಸೊನ್ನೆ ಇಟ್ಟರೆ ಗಂಟೆ. ನಿನ್ನೆ ಸಂಜೆ ಏಳೂವರೆಗೆ ಆಸ್ಪತ್ರೆಯ ಮುಖ್ಯ ಸ್ವಿಚ್‌ಗೆ ಅವಳು ಇದನ್ನೇ, ಇದೇ ಎರಡು ಸೊನ್ನೆಗಳನ್ನು ಒತ್ತಿದ್ದಳು! ಕೆಲಸ ಮುಗಿಯುತ್ತಿದ್ದಂತೆ ಅತ್ತೆಯ ಫೋನು ಬಂದಿತ್ತು, ಸಮವಸ್ತ್ರದ ಗುಂಡಿಯೊಂದು ಕಾಣುತ್ತಿಲ್ಲವೆಂದು. ಮಾತು ಮುಗಿಸಿ ನೋಡಿದರೆ ಇಪ್ಪತ್ತು ನಿಮಿಷ ಕಳೆದಿತ್ತು, ಸ್ವಿಚ್ ಆರಿರಲಿಲ್ಲ. ಹಾಗಾದರೆ ಗಡುವು ತೆಗೆದಿದ್ದೇನೆ ಎಂದುಕೊಂಡು ಬಸ್ಸು ಹಿಡಿದಿದ್ದಳು.

ಗಡಿಯಾರದಲ್ಲಿ ಹತ್ತು ಗಂಟೆ ಎರಡು ನಿಮಿಷ. ಹತ್ತೂವರೆಗೆ ಆ ಸ್ವಿಚ್ ಆರುತ್ತದೆ. ಮತ್ತೆ ಹೊತ್ತಲು ಎಂಟು ನಿಮಿಷ ಬೇಕು. ತೀವ್ರ ನಿಗಾ ಘಟಕದ ಹನ್ನೆರಡು ಹಾಸಿಗೆಗಳ ಎದೆಬಡಿತವನ್ನು ಒಬ್ಬಳೇ ನರ್ಸ್ ಒಂದೇ ಪರದೆಯಲ್ಲಿ ನೋಡುತ್ತಾಳೆ. ಆ ಪರದೆ ಎಂಟು ನಿಮಿಷ ಕುರುಡು. ಮುಚ್ಚಿದ ಬಾಗಿಲ ಹಿಂದೆ ಯಾರ ಉಸಿರು ನಿಂತರೂ ನರ್ಸಿನ ಮೇಜಿನ ಹತ್ತಿರ ಗಂಟೆ ಮೊಳಗುವುದಿಲ್ಲ.

ಏಳು, ಎದ್ದು ಹೋಗು ಎಂದಿತು ಮನಸ್ಸು. ಎದ್ದರೆ ಹನ್ನೆರಡು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗೆ. ಗಡುವು ತೆಗೆದೇ ಇದ್ದೆನೇನೋ! ತೆಗೆದ ಹಾಗೆ ಮಸುಕಾಗಿ ನೆನಪೂ ಇದೆಯಲ್ಲ? ಬೆಳಗಿನ ಪಾಳಿಯವನು ನೋಡಿರುತ್ತಾನೆ. ಮೂರನೇ ಪ್ರಶ್ನೆಗೆ ನಲವತ್ತು ಅಂಕ. ಇದೊಂದನ್ನು ಬರೆದು ಏಳೋಣ, ಇನ್ನೂ ಹೊತ್ತಿದೆ. ಅಯ್ಯೋ, ಭಯಕ್ಕೆ ಸಿಕ್ಕ ಮನಸ್ಸು ಎಂಥೆಂಥ ವಕಾಲತ್ತು ಮಾಡುತ್ತದೆ! ಅವಳು ಬರೆದಳು. ಅಕ್ಷರಗಳು ಸಾಲಾಗಿ ಬೀಳುತ್ತಿದ್ದವು. ಹತ್ತು ಹತ್ತು. ಹತ್ತು ಹದಿನೈದು. ಪಕ್ಕದ ಮೇಜಿನವನು ಕೆಮ್ಮಿದ್ದಕ್ಕೂ ಬೆಚ್ಚಿಬಿದ್ದಳು.

ಹತ್ತು ಇಪ್ಪತ್ತಕ್ಕೆ ಕುರ್ಚಿ ಕಿರ್ರೆಂದಿತು. ಅವಳೇ ಎದ್ದಿದ್ದಳು.

"ಮೇಡಂ, ದಾಟಿದ್ರೆ ಆಯ್ತು, ಮತ್ತೆ ಒಳಗೆ ಬಿಡೋ ಹಾಗಿಲ್ಲ," ಎಂದ ಸಾರ್ಜೆಂಟ್.

"ಗೊತ್ತು ಮಾರಾಯ, ಮೊದಲು ಫೋನ್ ಕೊಡು! ಆಸ್ಪತ್ರೆ ವಿಷಯ."

ಅವನು ರಿಜಿಸ್ಟರಿನಲ್ಲಿ ಸಮಯ ಬರೆದು, ಸಹಿ ಹಾಕಿಸಿಕೊಂಡು, ಬೀಗದ ಕೈ ಹುಡುಕುವಷ್ಟರಲ್ಲಿ ಮೂರು ನಿಮಿಷ. ಆಸ್ಪತ್ರೆಗೆ ಮಾಡಿದ ಮೊದಲ ಕರೆ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯದೂ ಹಾಗೆಯೇ. ಮೂರನೇ ಸಲಕ್ಕೆ ಎತ್ತಿದವನು ತಂತಿ ಮಾವ, ಮೂವತ್ತು ವರ್ಷದಿಂದ ಅಲ್ಲಿ ಕೇಬಲ್ ಎಳೆಯುತ್ತಿದ್ದ ಮುದುಕ.

"ಏನ್ ಕ್ಯಾಪ್ಟನಮ್ಮ, ಪರೀಕ್ಷೆ ಬಿಟ್ಟು..."

"ಮಾವ, ಮುಖ್ಯ ಸ್ವಿಚ್‌ನ ಪರದೆ ಮುಂದೆ ಕೂತ್ಕೊಳ್ಳಿ. ನಾನು ಹೇಳಿದ್ದನ್ನ ಒತ್ತಿ. ಈಗ್ಲೇ!"

"ಇಲ್ಲೇನೋ ಬರ್ತಿದೆಯಮ್ಮಾ. ಐದು ನಿಮಿಷಕ್ಕೆ ಆರತ್ತಂತೆ."

ಅವಳು ಒಂದೊಂದೇ ಅಕ್ಷರ ಹೇಳಿದಳು. ಅವನು ಒಂದೇ ಬೆರಳಲ್ಲಿ ಒತ್ತಿದ. ಎಲ್ಲೋ ತಪ್ಪಿತು, ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಮೊದಲಿಂದ.

"ಹಾಂ, ಗಡುವು ತೆಗೆದಾಯ್ತು ಅಂತ ಬಂತು. ಇನ್ನೆರಡು ನಿಮಿಷ ಇತ್ತು ನೋಡಮ್ಮ," ಎಂದ ತಂತಿ ಮಾವ.

ಅವಳು ಗೋಡೆಗೆ ಒರಗಿ ಅಲ್ಲಿಯೇ ಕುಸಿದು ಕೂತಳು. ಕಣ್ಣೀರು ತಡೆಯಲಾಗಲಿಲ್ಲ. ಅಷ್ಟರಲ್ಲಿ ಕರ್ನಲ್ ಹೊರಗೆ ಬಂದರು. ಎದ್ದು ನಿಂತು, ಆದದ್ದನ್ನು ಒಂದೇ ಉಸಿರಿಗೆ ಹೇಳಿದಳು.

ಕೇಳಿ ಮುಗಿಸಿ ಅವರೆಂದರು: "ಇಂಥ ಕಾರಣಕ್ಕೆ ಎದ್ದು ಬಂದವರನ್ನ ಹೊರಗೆ ಹಾಕೋಕೆ ನಂಗೂ ಮನಸ್ಸಿಲ್ಲ. ಇನ್ನೊಂದು ಅವಕಾಶ ಕೊಡಿ ಅಂತ ಮಂಡಳಿಗೆ ನಾನೇ ಬರೀತೀನಿ. ಗೊತ್ತಾದ ತಕ್ಷಣ ಎದ್ದರು ಅಂತ ಬರೀಬೇಕು. ತಕ್ಷಣ ಎದ್ರಿ, ಅಲ್ವಾ?"

ಹೌದು ಎಂದುಬಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು? ಆ ಎರಡಕ್ಷರ ತುಟಿಯವರೆಗೂ ಬಂದಿತ್ತು. ಈಗ ಹುಟ್ಟಿದ ಭಯದ ಮುಂದೆ ಒಳಗೆ ಕೂತು ಪಟ್ಟ ಭಯ ಏನೇನೂ ಅಲ್ಲ. ಒಳಗೆ ಸ್ವಿಚ್‌ಗೆ ಹೆದರಿದ್ದಳು, ಈಗ ತನಗೆ ತಾನೇ ಹೆದರಿದಳು.

"ಇಲ್ಲ ಸರ್. ಹತ್ತು ಎರಡಕ್ಕೇ ಗೊತ್ತಾಯ್ತು."

ಕರ್ನಲ್ ರಿಜಿಸ್ಟರಿನತ್ತ ನೋಡಿದರು. "ಎದ್ದಿದ್ದು ಹತ್ತು ಇಪ್ಪತ್ತಕ್ಕೆ. ಹದಿನೆಂಟು ನಿಮಿಷ ಏನು ಮಾಡ್ತಿದ್ರಿ?"

"ಮೂರನೇ ಪ್ರಶ್ನೆ ಬರೀತಿದ್ದೆ, ಸರ್."

ಅವರು ರಿಜಿಸ್ಟರ್ ಮುಚ್ಚಿ ಒಳಗೆ ಹೋದರು.

ಅವಳು ಮನೆಗೆ ಹೋಗಲಿಲ್ಲ. ಸಮವಸ್ತ್ರದಲ್ಲಿಯೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಆ ಹನ್ನೆರಡು ಹಾಸಿಗೆಗಳಲ್ಲಿ ಯಾರು ಯಾರು ಮಲಗಿದ್ದಾರೆಂದು ಅದುವರೆಗೆ ಅವಳು ಒಮ್ಮೆಯೂ ನೋಡಿರಲಿಲ್ಲ.