ಮೊಣಕಾಲಿನ ಕೆಳಗೆ

ಮನುಷ್ಯನ ದೇಹ ಮೊಣಕಾಲಿಗೆ ಮುಗಿದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಗೇರಕ್ಕನಿಗೆ ನಗು ಬರುತ್ತಿರಲಿಲ್ಲ. ಆಸ್ಪತ್ರೆಯ ಕೀಲುವಾತ ವಿಭಾಗದ ಗೋಡೆಗೆ ಅಂಟಿಸಿದ್ದ ಚಿತ್ರವನ್ನು ಅವಳು ಹನ್ನೊಂದು ತಿಂಗಳಿಂದ ನೋಡುತ್ತಿದ್ದಳು. ಅದರಲ್ಲೊಬ್ಬ ಬೋಳುತಲೆಯ ಆಸಾಮಿ ಕೈ ಅಗಲಿಸಿ ನಿಂತಿದ್ದ. ಹೆಗಲಿಗೆ ಎರಡು, ಮೊಣಕೈಗೆ ಎರಡು, ಮಣಿಕಟ್ಟಿಗೆ ಎರಡು, ಬೆರಳುಗಳಿಗೆ ಇಪ್ಪತ್ತು, ಮೊಣಕಾಲಿಗೆ ಎರಡು, ಒಟ್ಟು ಇಪ್ಪತ್ತೆಂಟು ಕಪ್ಪು ಚುಕ್ಕೆ. ಅಲ್ಲಿಂದ ಕೆಳಗೆ ಅವನಿಗೆ ಪಾದಗಳೇನೋ ಇದ್ದವು, ಚುಕ್ಕೆ ಇರಲಿಲ್ಲ. ಗೇರಕ್ಕನ ಕಾಯಿಲೆಯೆಲ್ಲ ಇದ್ದದ್ದು ಆ ಚುಕ್ಕೆಯಿಲ್ಲದ ಜಾಗದಲ್ಲಿ.

ಗೇರಕ್ಕ ಎಂಬುದು ಡಿಪೋದವರು ಇಟ್ಟ ಹೆಸರು. ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದವಳು, ಗೇರು ಕಿರುಗುಟ್ಟುವ ಸದ್ದನ್ನು ಒಂದು ದಿನವೂ ಕೇಳಿಸಗೊಡದವಳು. ಎರಡು ವರ್ಷದ ಹಿಂದೆ ಕಾಯಿಲೆ ಮೊದಲು ಕೈಬೆರಳುಗಳನ್ನು ಹಿಡಿಯಿತು. ಮಾತ್ರೆ ನುಂಗಿ ನುಂಗಿ ಅಲ್ಲಿಂದ ಓಡಿಸಿದ್ದಾಯಿತು. ಅದು ಮೊಂಡು ಬಾಡಿಗೆದಾರನಂತೆ ಮುಂದಿನ ಕೋಣೆ ಖಾಲಿ ಮಾಡಿ ಹಿಂದಿನ ಕೋಣೆಗೆ ಹೋಗಿ ಕೂತಿತು. ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಜಲ್ಲಿಕಲ್ಲಿನ ಮೇಲೆ ಇಟ್ಟಂತೆ. ಕ್ಲಚ್ಚು ಒತ್ತುವ ಎಡಪಾದವಂತೂ ಬೆರಳುಗಳ ಬುಡದಲ್ಲಿ ಊದಿ, ಲೇಸು ಪೂರ್ತಿ ಸಡಿಲಿಸದೆ ಬೂಟಿಗೆ ಹಿಡಿಸುತ್ತಿರಲಿಲ್ಲ.

ಡಿಪೋದ ವೈದ್ಯರು ಅವಳನ್ನು ತುದಿಗಾಲಲ್ಲಿ ನಿಲ್ಲಿಸಿದರು. ನಿಲ್ಲಲಾಗಲಿಲ್ಲ. ಎರಡೂ ಪಾದದ ಕೀಲುಗಳಲ್ಲಿ ಊತ, ವಾಹನ ಚಾಲನೆಗೆ ಅನರ್ಹಳು ಎಂದು ಬರೆದರು. ಒಂದು ತಿಂಗಳಲ್ಲಿ ಊತ ಇಳಿಯದಿದ್ದರೆ ಅವಳ ಜಾಗ ಪ್ರಯಾಣಿಕರು ಮರೆತುಹೋದ ಛತ್ರಿಗಳನ್ನು ಇಡುವ ಕೋಣೆಯಲ್ಲಿ. ಊತ ಇಳಿಸಲು ಹೊಸ ಸೂಜಿಮದ್ದೊಂದಿತ್ತು. ಕಾಯಿಲೆಯ ಅಂಕ ಐದು ದಾಟಿದವರಿಗೆ ಮಾತ್ರ ಅದು. ಅಂಕ ಹಾಕುವುದು ಆ ಇಪ್ಪತ್ತೆಂಟು ಚುಕ್ಕೆಗಳ ಮೇಲೆ. ಅಂದರೆ ಪಾದ ಕೆಟ್ಟಿದೆ, ಬಸ್ಸು ಓಡಿಸಬೇಡ ಎಂದು ಒಬ್ಬ ವೈದ್ಯ. ಪಾದ ಲೆಕ್ಕಕ್ಕಿಲ್ಲ, ನಿನಗೆ ಕಾಯಿಲೆಯೇ ಇಲ್ಲ ಎಂದು ಇನ್ನೊಬ್ಬ. ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿ ಹಂಪುಗಳ ಮೇಲೆ ಬಸ್ಸು ಹಾರಿಸಬೇಕು ಎಂದು ಅವಳಿಗೆ ಅನಿಸಿದರೆ ತಪ್ಪೇನು?

ಆ ದಿನ ಆಸ್ಪತ್ರೆಯ ಹಜಾರದಲ್ಲಿ ಕಾಯಲು ಜೊತೆಗೆ ಗಂಡನೂ ಬಂದಿದ್ದ. ಗಡಿಯಾರ ರಿಪೇರಿಯವನು, ಜೋರಾಗಿ ಮಾತಾಡಿದರೆ ಮುಳ್ಳು ಅಲುಗೀತು ಎಂಬಂತೆ ಮಾತಾಡುವ ಮನುಷ್ಯ.

"ಸ್ವಲ್ಪ ನಾಟಕ ಮಾಡೇ," ಎಂದು ಕಿವಿಯಲ್ಲಿ ಹೇಳಿದ. "ಒತ್ತಿದ ಕಡೆಯೆಲ್ಲ ಅಯ್ಯೋ ಅನ್ನು. ಯಾರ ಗಂಟು ಹೋಗುತ್ತೆ?"

"ಹೋದ ಸಲ ಮಾಡಲಿಲ್ವಾ? ಬಲ ಮೊಣಕೈ ನೋವು ಅಂದೆ. ಸಿಸ್ಟರ್ ಒಂದು ಸುತ್ತು ಮುಗಿಸಿ ಮತ್ತೆ ಬಂದು ಒತ್ತಿದ್ರು. ಅಷ್ಟರಲ್ಲಿ ಮರೆತು ಎಡ ಅಂದೆ. ಮಾನ ಹೋಯ್ತು."

"ಈ ಸಲ ನಾನು ನೆನಪಿಟ್ಕೊಂಡು ಕಣ್ಸನ್ನೆ ಮಾಡ್ತೀನಿ."

"ನೀವು ಸುಮ್ಮನೆ ಕೂತ್ಕೊಳ್ಳಿ. ನಿಜವಾಗಿ ಪ್ರಾಣ ಹೋಗೋಷ್ಟು ನೋಯ್ತಿದೆ. ಅದನ್ನ ಬಿಟ್ಟು ಇಲ್ಲದ ನೋವು ಹೇಳಬೇಕಾ ನಾನು?"

ಹಾಗೆ ಹೇಳಿ ಅಂಗೈಯಿಂದ ಕಣ್ಣೊರೆಸಿಕೊಂಡಳು. ಹನ್ನೊಂದು ತಿಂಗಳಲ್ಲಿ ಆ ಹಜಾರದಲ್ಲಿ ಅವಳಿಗೆ ಅಳು ಬಂದದ್ದು ಅದೊಂದೇ ಸಲ, ಅದೂ ಸಿಟ್ಟಿನಿಂದ.

ಒಳಗೆ ಸಿಸ್ಟರ್ ಕೀಲು ಎಣಿಸಿದರು. ಕಟ್ಟುನಿಟ್ಟಿನ ಹೆಂಗಸು, ಕೈ ಮಾತ್ರ ಹದವಾದ ಕೈ. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟೇ ಒತ್ತುವುದು, ಹೆಚ್ಚಿಲ್ಲ ಕಡಿಮೆಯಿಲ್ಲ. "ನೋವಾ?" "ಇಲ್ಲ." "ಇಲ್ಲಿ?" "ಇಲ್ಲ." ಇಪ್ಪತ್ತೆಂಟು ಸಲ ಇಲ್ಲ ಎಂದಳು ಗೇರಕ್ಕ, ಒಂದೊಂದು ಇಲ್ಲವನ್ನೂ ಹಲ್ಲು ಕಚ್ಚಿಕೊಂಡು. ಮೂಲೆಯಲ್ಲಿ ಕೂತ ಗಂಡನ ಹುಬ್ಬು ಮೇಲೆ ಕೆಳಗೆ ಕುಣಿದು ಸುಸ್ತಾಯಿತು. ಸಿಸ್ಟರ್ ಮಂಡಿಯಿಂದ ಕೈ ತೆಗೆದವರು ಒಂದು ಕ್ಷಣ ಕೆಳಗೆ, ಸಡಿಲ ಬಿಟ್ಟ ಬೂಟಿನ ಲೇಸಿನತ್ತ ನೋಡಿದರು. ನೋವಿಗೊಂದು, ಊತಕ್ಕೊಂದು, ಎರಡು ಸೊನ್ನೆ ಬರೆದುಕೊಂಡು ಎದ್ದರು.

ಡಾಕ್ಟರು ಆ ಸೊನ್ನೆಗಳ ಜೊತೆಗೆ ರಕ್ತಪರೀಕ್ಷೆಯ ಅಂಕಿಗಳನ್ನೂ ಕಂಪ್ಯೂಟರಿಗೆ ಹಾಕಿದರು.

"ಮೂರೂವರೆ. ನೋಡಿಮ್ಮಾ, ಕಾಯಿಲೆ ಹೆಚ್ಚುಕಡಿಮೆ ಹತೋಟೀಲಿದೆ. ಖುಷಿಪಡಬೇಕಾದ ವಿಷಯ."

ಖುಷಿ! ಗೇರಕ್ಕನ ಪಿತ್ತ ನೆತ್ತಿಗೇರಿತು. ಡಿಪೋದ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು, ಇಟ್ಟಳು ಎನ್ನುವುದಕ್ಕಿಂತ ಬಡಿದಳು.

"ಇದನ್ನೂ ಓದಿ ಖುಷಿಪಡಿ."

ಅವರು ಓದಿದರು. "ಪಾದದ ವಿಷಯ ಬೇರೆ. ಪಾದ ಊದೋಕೆ ನೂರು ಕಾರಣ ಇರುತ್ತೆ, ಒತ್ತಿ ನೋಡಿ ಹೇಳೋದು ಕಷ್ಟ. ಅದಕ್ಕೇ ಎಣಿಕೆಯಿಂದ ಬಿಟ್ಟಿದಾರೆ."

"ಕಷ್ಟ ಅಂತ ಬಿಟ್ರಾ?"

"ಹಾಗಲ್ಲ..."

"ಡಾಕ್ಟ್ರೇ, ಟೈರು ನೋಡಿಲ್ಲ, ಮಿಕ್ಕಿದ್ದೆಲ್ಲ ಸರಿಯಾಗಿದೆ ಅಂತ ಮೆಕ್ಯಾನಿಕ್ ಬರೆದುಕೊಟ್ರೆ ನೀವು ನನ್ನ ಬಸ್ ಹತ್ತುತ್ತೀರಾ? ನಿಮ್ಮ ಮಕ್ಕಳನ್ನ ಹತ್ತಿಸ್ತೀರಾ?"

"ನಿಯಮ ಮಾಡಿದ್ದು ನಾನಲ್ಲಮ್ಮಾ." ಅವರು ಕೈತೊಳೆದುಕೊಂಡರು. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು, ಡಾಕ್ಟರ ಕಣ್ಣು ಆಗಲೇ ಮುಂದಿನ ಕಡತದ ಮೇಲಿತ್ತು.

"ನಿಯಮ ಇರಲಿ. ನನ್ನ ಕಡತದಲ್ಲಿ ಒಂದೇ ಒಂದು ಸಾಲು ಬರೀರಿ. ಈಕೆ ಪಾದ ನೋಡಿ ಅಂತ ಕೇಳಿದಳು, ನಾನು ನೋಡಲಿಲ್ಲ ಅಂತ. ಬರೆದು ಸಹಿ ಹಾಕಿ. ಎದ್ದು ಹೋಗ್ತೀನಿ."

ಡಾಕ್ಟರು ಪೆನ್ನು ಎತ್ತಿದರು. ಎತ್ತಿದ ಪೆನ್ನು ಹಾಗೇ ನಿಂತಿತು. ಸುಳ್ಳಾಗಿದ್ದರೆ ಬರೆಯದೆ ಬೈಯಬಹುದಿತ್ತು. ನಿಜವಾದ ಮಾತನ್ನು ಬರೆಯಲು ಕೈ ಬರಲಿಲ್ಲ.

"ಡಾಕ್ಟ್ರೇ," ಎಂದರು ಬಾಗಿಲ ಬಳಿ ನಿಂತಿದ್ದ ಸಿಸ್ಟರ್, "ಸ್ಕ್ಯಾನಿಂಗ್ ರೂಮು ಈಗ ಖಾಲಿ ಇದೆ." ಅಷ್ಟು ಹೇಳುವುದಕ್ಕೆ ಅವರಿಗೆ ಹನ್ನೊಂದು ತಿಂಗಳು ಹಿಡಿದಿತ್ತು.

ಸ್ಕ್ಯಾನಿಂಗ್ ರೂಮಿನಲ್ಲಿ ಗೇರಕ್ಕ ಎಡಗಾಲಿನ ಬೂಟು ಬಿಚ್ಚಿ ಮಂಚದ ಮೇಲೆ ಕಾಲು ಚಾಚಿದಳು. ಡಾಕ್ಟರು ಮೊದಲು ಪಾದವನ್ನು ಅಂಗೈಯಲ್ಲಿ ಹಿಡಿದು, ಕೈ ಕುಲುಕುವಷ್ಟೇ ಮೆತ್ತಗೆ, ಅಡ್ಡಕ್ಕೆ ಅದುಮಿದರು. ಅವಳು ಕಿರುಚಿದ ಕಿರುಚಿಗೆ ಗಂಡ ಕುರ್ಚಿಯಿಂದ ಎದ್ದು ನಿಂತ. ಡಾಕ್ಟರು ಕೈ ತೆಗೆದವರು ಮತ್ತೆ ಮುಟ್ಟಲು ಹೆದರಿದರು.

ತಣ್ಣನೆಯ ಜೆಲ್ ಹಚ್ಚಿ ಯಂತ್ರದ ತುದಿಯನ್ನು ಬೆರಳುಗಳ ಬುಡದ ಮೇಲೆ ಸರಿಸಿದರು. ಪರದೆಯ ಮೇಲೆ ಬೂದು ಬಣ್ಣ, ಅದರ ನಡುವೆ ಕೀಲು ಕೀಲಿನಲ್ಲೂ ಕೆಂಪು ಕಿಡಿಗಳು ಮಿನುಗಿದವು. ಉರಿಯೂತ ಇರುವ ಕಡೆ ರಕ್ತ ನುಗ್ಗುವುದು ಹಾಗೆ ಕಾಣುತ್ತದೆ ಎಂದು ಸಿಸ್ಟರ್ ಮೆಲ್ಲಗೆ ಹೇಳಿದರು. ಕಿರುಬೆರಳ ಹತ್ತಿರ ಯಂತ್ರ ನಿಂತಿತು. ಅಲ್ಲಿ ಮೂಳೆಯ ಬಿಳಿ ಗೆರೆ ನೆಟ್ಟಗಿರಲಿಲ್ಲ. ಇಲಿ ಕಡಿದ ಬಟ್ಟೆಯ ಅಂಚಿನಂತಿತ್ತು.

"ಇದೇನು?" ಎಂದಳು.

"ಮೂಳೆ ಸವೆದಿದೆ. ಊತ ತುಂಬಾ ದಿನ ಹಾಗೇ ಉಳಿದರೆ ಹೀಗಾಗುತ್ತೆ." ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಸೂಜಿಮದ್ದಿಗೆ ಇವತ್ತೇ ಬರೀತೀನಿ. ಈ ಚಿತ್ರ ಇಟ್ಟು ಬರೆದರೆ ಮದ್ದು ಮಂಜೂರು ಮಾಡೋ ಸಮಿತಿಯವರು ಇಲ್ಲ ಅನ್ನೋಕಾಗಲ್ಲ. ಊತ ಇಳಿಯುತ್ತೆ."

"ಮೂಳೆ?"

ಅವರು ಯಂತ್ರದ ತುದಿಯನ್ನು ಪಕ್ಕಕ್ಕಿಟ್ಟರು. "ಕ್ಷಮಿಸಿ" ಎಂದರು.

"ಹನ್ನೊಂದು ತಿಂಗಳು ಹೇಳಿದೆ," ಎಂದಳು ಗೇರಕ್ಕ. ಕೂಗಲಿಲ್ಲ, ಕೂಗಿದ್ದರೆ ಅವರಿಗೂ ಹಗುರವಾಗುತ್ತಿತ್ತೇನೋ. "ಬಾಯಿಬಿಟ್ಟು ಹೇಳಿದೆ. ಬೂಟು ಬಿಚ್ಚಿಸೋಕೆ ಎಷ್ಟು ಹೊತ್ತು ಬೇಕಿತ್ತು ನಿಮಗೆ?"

ಪಾದ ಮತ್ತೆ ಬೂಟಿನೊಳಗೆ ಹೋಗಲಿಲ್ಲ. ಅವಳು ಬೂಟು ಕೈಯಲ್ಲಿ ಹಿಡಿದು, ಒಂದು ಕಾಲು ಬರಿದಾಗಿಯೇ, ಗಂಡನ ಹೆಗಲಿಗೆ ಭಾರ ಕೊಟ್ಟು ಹಜಾರಕ್ಕೆ ಬಂದಳು. ಬೆಂಚುಗಳ ತುಂಬ ಜನ. ಒಳಗೆ ಅವಳು ಕಿರುಚಿದ್ದನ್ನು ಕೇಳಿದ್ದವರು ಬೆದರಿ ಅವಳನ್ನೇ ನೋಡುತ್ತಿದ್ದರು.

"ನಿಮ್ಮಲ್ಲಿ ಪಾದ ನೋಯೋರು ಯಾರ್ಯಾರು?" ಎಂದು ಕೇಳಿದಳು, ಕೊನೆಯ ಸೀಟಿನವರೆಗೆ ಕೇಳಿಸುವ ಬಸ್ಸಿನ ದನಿಯಲ್ಲಿ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದು ಕೈ ಎದ್ದಿತು. ಇನ್ನೊಂದು. ಹಿಂದಿನ ಬೆಂಚಿನಲ್ಲಿ ಮೂರು.

"ಹಾಗಾದ್ರೆ ಇಲ್ಲೇ ಬಿಚ್ಚಿಕೊಳ್ಳಿ. ಬರಿಗಾಲಲ್ಲೇ ಒಳಗೆ ಹೋಗಿ. ಅವರು ನೋಡೋವರೆಗೂ ಎದ್ದು ಬರಬೇಡಿ."

ಜನ ಬಗ್ಗಿದರು. ಮುಂದಿನ ಸಾಲಿನ ಮುದುಕಿಯ ಕೈಬೆರಳುಗಳು ಸೊಟ್ಟಗಾಗಿದ್ದವು. ಚಪ್ಪಲಿಯ ಪಟ್ಟಿಯ ಕೊಂಡಿಯನ್ನು ಎಷ್ಟು ತಡಕಾಡಿದರೂ ಬಿಚ್ಚಲಾಗಲಿಲ್ಲ. ಗಡಿಯಾರದವನು ಹೆಂಡತಿಯನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತು, "ಕಾಲು ಹೀಗೆ ಕೊಡಮ್ಮಾ" ಎಂದ.