ಊರಿಗೆಲ್ಲ ಒಂದೇ ನಂಬರು

ಸೋಲೂರಿನ ಆಚೆಗೊಂದು ಊರು. ಗ್ಯಾಸ್ ಬುಕ್ ಮಾಡಲಿ, ಬ್ಯಾಂಕಿನಲ್ಲಿ ಖಾತೆ ತೆರೆಯಲಿ, ಫೋನ್ ನಂಬರು ಕೇಳಿದರೆ ಆ ಊರಿನ ಹೆಂಗಸರೆಲ್ಲ ಹೇಳುತ್ತಿದ್ದುದು ಒಂದೇ ನಂಬರು: ಹಾಲಿನ ಡೈರಿಯ ಸೆಕ್ರೆಟರಿ ಯೋಗಾನಂದನದು. ಮನೆಯ ಫೋನು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುತ್ತಿತ್ತು. ಯೋಗಾನಂದನಾದರೋ ಎರಡು ಹೊತ್ತೂ ಡೈರಿಯಲ್ಲಿ ಸಿಗುವವನು, ಓಟಿಪಿ ಕೇಳಿದರೆ ಬೇಸರವಿಲ್ಲದೆ ಹೇಳುವವನು. ದೇವಿ ಕಬ್ಬಾಳಮ್ಮತಾಯಿ ತನ್ನಿಂದ ಇಷ್ಟಾದರೂ ಸೇವೆ ಮಾಡಿಸಿಕೊಳ್ಳುತ್ತಿದ್ದಾಳಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ರಾಮನಗರದ ಒಂದು ಸಂಸ್ಥೆಯವರು ಮನಸ್ಸಿನ ಕಾಯಿಲೆಗೊಂದು ಆ್ಯಪ್ ಮಾಡಲು ಹೊರಟಾಗಲೂ ಹಾಗೇ ಆಯಿತು. ಬಳಸುವ ಜನರನ್ನೇ ಕೂರಿಸಿಕೊಂಡು ಮಾಡಬೇಕೆಂಬುದು ಅವರ ಹಟ. ಊರಿನಿಂದ ನಾಲ್ವರು ಹೆಂಗಸರು ಸೇರಿದರು. ಕಷ್ಟಕಾಲದಲ್ಲಿ ಯಾರಿಗೆ ಮೆಸೇಜು ಹೋಗಬೇಕು ಎಂಬ ಕಡೆ ನಾಲ್ವರೂ ಯೋಗಾನಂದನ ನಂಬರು ಹಾಕಿಸಿದರು. ಮನೆಯ ಫೋನು ಕೈಗೆ ಸಿಕ್ಕಾಗ ಬಳಸಲೆಂದು ಅದರಲ್ಲಿ ಆ್ಯಪ್ ಹಾಕಿಕೊಟ್ಟವನೂ ಅವನೇ.

ಆ ಮೆಸೇಜಿನಲ್ಲಿ ಹೆಸರಿರಬೇಕೇ ಎಂಬ ವಿಚಾರ ಬಂದಾಗ ನಾಲ್ವರಲ್ಲೊಬ್ಬಳಾದ ಚಿಕ್ಕಲಕ್ಷ್ಮಮ್ಮ ಎದ್ದು ನಿಂತಿದ್ದಳು. ವರ್ಷಗಟ್ಟಲೆ ನಿದ್ದೆಗೆಟ್ಟು, ಗುಳಿಗೆ ನುಂಗಿ ಎದ್ದು ಬಂದ ಮುದುಕಿ. "ಸೆಕ್ರೆಟ್ರಿ ಫೋನು ಡೈರಿ ಟೇಬಲ್ ಮ್ಯಾಲೆ ಬಿದ್ದಿರ್ತೈತೆ ಕಣವ್ವ. ನನ್ ಹೆಸ್ರು ಅದ್ರಾಗೆ ಬಂದ್ರೆ ಹಾಲು ಹಾಕಕ್ ಬಂದೋರೆಲ್ಲ ಓದ್ತಾರೆ. ಆಮ್ಯಾಕೆ ನಾನು ಬದುಕಿ ಏನ್ ಮಾಡ್ಲಿ?" ಎಲ್ಲರೂ ನಕ್ಕರು. ಸಂಸ್ಥೆಯ ಪ್ರತಿಮಾ ಮಾತ್ರ ನಗಲಿಲ್ಲ; ಹೆಸರು ತೆಗೆಸಿಬಿಟ್ಟಳು.

ಅವರೆಕಾಯಿ ಕಾಲದ ಒಂದು ಸಂಜೆ. ಯೋಗಾನಂದ ಡೈರಿಯಲ್ಲಿ ಹಾಲು ಅಳೆಯುತ್ತಿದ್ದಾಗ ಟೇಬಲ್ಲಿನ ಮೇಲೆ ಫೋನು ಸದ್ದು ಮಾಡಿತು. 'ನಿಮ್ಮವರೊಬ್ಬರಿಗೆ ಬದುಕು ಬೇಡ ಅನ್ನಿಸುತ್ತಿದೆ. ಈಗಲೇ ಅವರ ಬಳಿ ಹೋಗಿ.'

ಹೆಸರಿಲ್ಲ. ಅವನ ಕೈಯ ಅಳತೆ ಪಾತ್ರೆ ವಾಲಿ ಹಾಲು ಪಾದದ ಮೇಲೆ ಚೆಲ್ಲಿತು.

"ಏನ್ಲಾ ಯೋಗ, ದೆವ್ವ ಕಂಡೋನಂಗೆ ನಿಂತ್ಬುಟ್ಟೆ?" ಎಂದ ಸಾಲಿನಲ್ಲಿದ್ದ ಅಂಕಯ್ಯ.

"ಒಸಿ ಹಾಲು ನೀನೇ ಅಳೆ ಅಂಕಣ್ಣ, ಬಂದೆ" ಎಂದವನೇ ಹಿತ್ತಲಿಗೆ ಹೋಗಿ ಪ್ರತಿಮಾಳಿಗೆ ಫೋನು ಮಾಡಿದ.

"ಮೇಡಂ, ಯಾರು ಅಂತ ಹೇಳಿ ಬೇಗ."

"ನಮಗೂ ಕಾಣಲ್ಲ ಯೋಗಾನಂದ್. ಕಾಣಬಾರದು ಅಂತ ನಿಮ್ಮವರೇ ಹೇಳಿದ್ದು, ಹಾಗೇ ಮಾಡಿದೀವಿ. ಒಬ್ಬೊಬ್ಬರ ಮನೆಗೂ ಹೋಗಿ. ನಾನು ಲೈನಲ್ಲೇ ಇರ್ತೀನಿ."

ಮನೆಗಳಿಗೆ ಫೋನು ಮಾಡುವಂತಿರಲಿಲ್ಲ, ಎತ್ತುವವರು ಗಂಡನೋ ಅತ್ತೆಯೋ. ಏನೆಂದು ಕೇಳುವುದು? ನಾಲ್ವರಲ್ಲಿ ಇಬ್ಬರು ಕ್ಯಾನು ಹಿಡಿದು ಸಾಲಿನಲ್ಲೇ ಜಗಳವಾಡುತ್ತಿದ್ದರು. ಉಳಿದವರು ಸಾಬಿರಾ, ಚಿಕ್ಕಲಕ್ಷ್ಮಮ್ಮ. ಸಾಬಿರಾಳ ಗಂಡ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದರೆ ವಾರಕ್ಕೊಮ್ಮೆ ಬರುವವನು. ಅವಳೇ ಇರಬೇಕು. ಯೋಗಾನಂದ ಬೈಕು ಹತ್ತಿದ. ಕಬ್ಬಾಳಮ್ಮತಾಯಿ, ತಡವಾಗದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ಸಾಬಿರಾ ಅತ್ತೆಯ ಜೊತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಏನ್ ಸೆಕ್ರೆಟ್ರಿಯಣ್ಣ, ಮನೆ ಬಾಗಿಲಿಗೇ ಬಂದ್ಬುಟ್ಟೆ? ನಮ್ ಹಾಲ್ನಾಗೆ ನೀರು ಸಿಕ್ತಾ?"

"ಫ್ಯಾಟು ಕಮ್ಮಿ ಬಂದೈತೆ ಕಣಮ್ಮ. ಹಸ ಹೆಂಗೈತೆ, ನೀನ್ ಹೆಂಗಿದ್ದೀಯ ಅಂತ..."

"ಹಸದ ಫ್ಯಾಟಿಗೂ ನನಗೂ ಏನಣ್ಣ?" ಎಂದು ನಕ್ಕವಳು, ಅವನ ಮುಖ ನೋಡಿ ನಗು ನಿಲ್ಲಿಸಿದಳು. ಅತ್ತೆಗೆ ಕಾಣದಂತೆ ತಲೆಯಾಡಿಸಿದಳು. ನಾನಲ್ಲ.

ಹಾಗಾದರೆ ಚಿಕ್ಕಲಕ್ಷ್ಮಮ್ಮ. ಅವನು ಬೈಕು ನಿಲ್ಲಿಸುವ ಮೊದಲೇ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಹೊರಬಂದಳು. ವಿಷಯ ಕೇಳಿ, ತಾನು ಕಳಿಸಿಲ್ಲವೆಂದು ತಲೆಯಾಡಿಸಿದಳು. ಮೆಲ್ಲಗೆ ಕೇಳಿದಳು:

"ನಾಲ್ಕು ಜನನೂ ಅಲ್ಲ ಅಂದ್ರೆ, ಇನ್ಯಾರ ಫೋನಿಗೆ ಹಾಕ್ಕೊಟ್ಟಿದ್ದೀಯಪ್ಪ ಅದ್ನ?"

"ಇನ್ಯಾರಿಗೂ ಇಲ್ಲ ಕಣಜ್ಜಿ" ಎಂದ. ಎಂದವನಿಗೆ ಆಗ ನೆನಪಾಯಿತು.

ಆ್ಯಪ್ ಬಂದ ಹೊಸತರಲ್ಲಿ, ಊರವರಿಗೆ ಹಾಕಿಕೊಡುವ ಮೊದಲು, ಹೇಗೆ ಹಾಕುವುದೆಂದು ಕಲಿಯಲು ಅವನು ಹೆಂಡತಿ ಶಾಲಿನಿಯ ಫೋನು ತೆಗೆದುಕೊಂಡಿದ್ದ. ತನ್ನ ನಂಬರು ಒತ್ತಿದ್ದ. ಅಳಿಸುವುದನ್ನು ಮರೆತಿದ್ದ. ಶ್ರಾವಣದಲ್ಲಿ ಅವಳ ಬಸಿರು ಇಳಿದಿತ್ತು. ಮೂರನೆಯ ಸಲ. ಆಮೇಲೆ ಅವಳು ಅಡುಗೆ ಮಾಡುತ್ತಿದ್ದಳು, ದೀಪ ಹಚ್ಚುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಸುಧಾರಿಸಿಕೊಂಡಳು ಎಂದುಕೊಂಡು ಅವನು ಊರಿನ ಹೆಂಗಸರ ಮನಸ್ಸಿನ ಕಷ್ಟ ವಿಚಾರಿಸಲು ಹೋಗುತ್ತಿದ್ದ.

"ಅಜ್ಜೀ... ಶಾಲಿನಿ ಫೋನ್ನಾಗೆ" ಎಂದು ಬೈಕಿನತ್ತ ತಿರುಗಿದ.

"ಓಡು! ನಾ ಹಿಂದ್ಲೇ ಬತ್ತೀನಿ."

ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಯೋಗಾನಂದ ಬಡಿದ. ಸದ್ದಿಲ್ಲ. ಭುಜ ಕೊಟ್ಟು ತಳ್ಳಿದ. ಹಳೆಯ ಹಲಸಿನ ಬಾಗಿಲು ಅಲುಗಲಿಲ್ಲ. ಹಣೆಯನ್ನು ಅದಕ್ಕೇ ಆನಿಸಿ, "ಶಾಲಿನಿ, ಮೆಸೇಜ್ ಬಂತು ಕಣೆ. ನಂಗೇ ಬಂತು" ಎಂದ. ಕಿವಿಯಾನಿಸಿ ಆಲಿಸಿದ. ಕೊನೆಗೆ ಬಳೆಯ ಸದ್ದು, ಅಗುಳಿ ಜರುಗಿತು.

ಅವಳು ನಿಂತಿದ್ದಳು. ಕಣ್ಣಿನಲ್ಲಿ ನೀರಿರಲಿಲ್ಲ. ಕೈಯಲ್ಲಿ ಫೋನಿತ್ತು.

"ಎಷ್ಟು ಮನೆ ಸುತ್ಕೊಂಡ್ ಬಂದ್ರಿ?"

ಸುಳ್ಳು ಹೇಳಬಹುದಿತ್ತು. ನಾಲಗೆ ತುದಿಗೆ ಬಂದೂ ಇತ್ತು. "ಎರಡು ಮನೆಗೆ ಹೋದೆ. ಕೊನೆಗೆ ಇಲ್ಲಿಗೆ."

"ಗೊತ್ತಿತ್ತು." ಅವಳು ಫೋನು ಮುಂದೆ ಹಿಡಿದಳು. "ನಿಮ್ ನಂಬರ್ ತೆಗೀರಿ. ಚಿಕ್ಕಲಕ್ಷ್ಮಮ್ಮಜ್ಜಿ ಮನೇದು ಹಾಕಿ. ನೀವು ಊರಿಗೆಲ್ಲ ಸೇರಿದೋರು."

ತನ್ನ ನಂಬರನ್ನು ಒಂದೊಂದೇ ಅಂಕಿಯಾಗಿ ಅಳಿಸಿದ. ಏದುಸಿರು ಬಿಡುತ್ತ ಬಂದ ಚಿಕ್ಕಲಕ್ಷ್ಮಮ್ಮ ಹೊಸ್ತಿಲಲ್ಲೇ ಕುಸಿದು ಕೂತು, ಶಾಲಿನಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಆಗ ಶಾಲಿನಿ ಅತ್ತಳು. ಒಳಗಿದ್ದುದೆಲ್ಲ ಕಿತ್ತು ಬರುವಂತೆ ಅತ್ತಳು.

"ಅಳು ಮಗ, ಅಳು. ನಂಗೆ ಗುಳಿಗೆ ಕೊಡೋ ಡಾಕ್ಟ್ರಮ್ಮ ಮಾಗಡೀಲಿ ಸಂಜೆ ಹೊತ್ತೂ ಸಿಗ್ತಾರೆ. ಈಗ್ಲೇ ಹೋಗನ" ಎಂದ ಮುದುಕಿ ಯೋಗಾನಂದನತ್ತ ತಿರುಗಿ ಗದರಿದಳು: "ನಿಂತ್ಕೊಂಡ್ ಏನ್ ನೋಡ್ತೀಯ? ಆಟೋ ಕರಿ!"

ಆಟೋದಲ್ಲಿ ಹೆಂಗಸರಿಬ್ಬರೂ ಹಿಂದೆ, ಯೋಗಾನಂದ ಮುಂದೆ ಡ್ರೈವರನ ಪಕ್ಕ. ಪ್ರತಿಮಾಳಿಗೆ, ಸಿಕ್ಕರು ಎಂದಷ್ಟೇ ಹೇಳಿದ. ಯಾರು ಎಂದು ಅವಳು ಕೇಳಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಹಿಂದಿನಿಂದ ಶಾಲಿನಿಯ ದನಿ ಬಂತು.

"ಮೊದ್ಲು ಯಾರ ಮನೆಗೆ ಹೋದ್ರಿ?"

"ಸಾಬಿರಾ ಮನೆಗೆ."

"ಚೆನ್ನಾಗವ್ಳಾ?"

"ಅವ್ಳೆ."

ಯೋಗಾನಂದ ಕತ್ತು ಹೊರಳಿಸಿ ನೋಡಿದ. ಅವಳು ಚಿಕ್ಕಲಕ್ಷ್ಮಮ್ಮನ ಭುಜಕ್ಕೆ ತಲೆಯಾನಿಸಿ ರಸ್ತೆ ನೋಡುತ್ತಿದ್ದಳು. ಮಾಗಡಿ ಮುಟ್ಟುವವರೆಗೂ ಅವನು ಮುಂದಕ್ಕೆ ತಿರುಗಲಿಲ್ಲ.